ಹಿತ್ತಲ ಕೋಳಿಗೂಡು, ಎರಡನೇ ಸಲ

2024ರ ಜುಲೈ ತಿಂಗಳ ಒಂದು ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಐದು ಕೋಳಿಯಲ್ಲಿ ನಾಲ್ಕೇ ಇದ್ದವು. ರಾತ್ರಿ ಹಾಕಿದ ಚಿಲಕ ಹಾಕಿದ ಹಾಗೇ ಇತ್ತು. ಹಿಂದಿನ ಮೂಲೆಗೆ ಹೋಗಿ ನೋಡಿದೆ. ಬಲೆ ನೆಲಕ್ಕೆ ತಾಗುವ ಕಡೆ ಒಂದು ಗೇಣು ಅಗಲದ ತೂತು, ಅಂಚಿನಲ್ಲಿ ಕೆಂಪಿಯ ನಾಲ್ಕು ಪುಕ್ಕ. ಪಕ್ಕದ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದೆ. ಹಪ್ಪಳದ ಹಾಗೆ ಪುಡಿಯಾಗಿ ಕೈಗೆ ಬಂತು. ಆ ಗೂಡು ಕಟ್ಟಿ ಎರಡು ವರ್ಷವೂ ಆಗಿರಲಿಲ್ಲ.

ಬಂದದ್ದು ಕಾಡುಬೆಕ್ಕು ಇರಬೇಕು. ಕೆಸರಲ್ಲಿ ಹೆಜ್ಜೆ ಇತ್ತು, ಆದರೆ ಮಳೆ ಅದನ್ನು ಅರ್ಧ ಅಳಿಸಿತ್ತು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಮ್ಮ ಮನೆಯಲ್ಲಿ ಕೋಳಿ ಸಾರು ಆಗುವುದಿಲ್ಲ ಅಂತಲ್ಲ. ಆದರೆ ಅದು ಪೇಟೆಯಿಂದ ಬಂದ, ಹೆಸರಿಲ್ಲದ ಕೋಳಿಯದ್ದು. ಹಿತ್ತಲಿನವು ಬೇರೆ. ಅವುಗಳಿಗೆ ಹೆಸರಿದೆ, ಕರೆದರೆ ಓಡಿ ಬರುತ್ತವೆ, ಸಂಜೆ ಜಗಲಿ ಮೇಲೆ ಮಗಳ ಪಕ್ಕ ಕೂರುತ್ತವೆ.

ಉಳಿದ ಮಳೆಗಾಲವನ್ನು ನಾಲ್ಕು ಕೋಳಿಗಳೂ ಹಳೆ ಕೊಟ್ಟಿಗೆಯಲ್ಲಿ, ರಾತ್ರಿ ಬುಟ್ಟಿ ಕವುಚಿ, ಮೇಲೆ ಕಲ್ಲು ಇಟ್ಟು ಕಳೆದವು. ಆ ಕೊಟ್ಟಿಗೆಯನ್ನೂ ಬಿಚ್ಚುವುದಿತ್ತು. ಹಾಗಾಗಿ ಹೊಸ ಗೂಡನ್ನು ಅದರ ಸಾಮಾನಿನಲ್ಲೇ ಕಟ್ಟೋಣ ಅಂತ ತೀರ್ಮಾನ ಮಾಡಿದೆ. ಶುರು ಮಾಡಿದ್ದು 2025ರ ಯುಗಾದಿ ಕಳೆದ ಮೇಲೆ. ಮೇ ಮಧ್ಯದೊಳಗೆ ಮುಗಿಸುವ ಲೆಕ್ಕ. ಆ ಲೆಕ್ಕ ಏನಾಯಿತು ಅಂತ ಮುಂದೆ ಹೇಳುತ್ತೇನೆ.

ಹಿತ್ತಲ ಬಗ್ಗೆ ಸ್ವಲ್ಪ ಹೇಳಬೇಕು. ಕುಮಟಾ ಪೇಟೆಯಿಂದ ಚಿತ್ರಗಿ ಕಡೆ ಬರುವಾಗ ನಮ್ಮ ಮನೆ. ಅಜ್ಜನ ಕಾಲದಲ್ಲಿ ಒಂದಿದ್ದ ಮನೆ ಈಗ ಮೂರಾಗಿದೆ. ಒಂದರಲ್ಲಿ ನಾವು. ಇನ್ನೊಂದರಲ್ಲಿ ದೊಡ್ಡಪ್ಪನ ಮಗ ಅಣ್ಣ ಮತ್ತು ಅತ್ತಿಗೆ. ಹಳೆ ಮನೆಯಲ್ಲಿ ಬಾಡಿಗೆಗೆ ಶಿರಸಿ ಕಡೆಯ ಒಂದು ಕುಟುಂಬ. ಮನೆ ಪಾಲಾಯಿತು, ಹಿತ್ತಲು ಪಾಲಾಗಲಿಲ್ಲ. ಬಾವಿ ಒಂದೇ, ಬಟ್ಟೆ ಒಗೆಯುವ ಕಲ್ಲು ಒಂದೇ. ತೆಂಗಿನ ಮರ ಒಂಬತ್ತು. ಮರಕ್ಕೆ ಮಾತ್ರ ಲೆಕ್ಕ ಉಂಟು, ಐದು ಅಣ್ಣನದ್ದು, ನಾಲ್ಕು ನಮ್ಮದು.

ಹೀಗಿರುವಾಗ ಗೂಡು ಎಲ್ಲಿ ಅನ್ನುವುದು ನಾನೊಬ್ಬನೇ ತೀರ್ಮಾನ ಮಾಡುವ ವಿಷಯ ಅಲ್ಲ, ಅಲ್ವಾ. ಒಂದು ಸಂಜೆ ಬಾವಿಕಟ್ಟೆ ಮೇಲೆ ಎಲ್ಲರೂ ಕೂತೆವು. ಅತ್ತಿಗೆ ನೇರವಾಗಿ ಹೇಳಿದರು:

"ತಮಾ, ಕೋಳಿ ಇರಲಿ. ನಂದೆಂತಾ ತಕರಾರಿಲ್ಲ. ಆದ್ರೆ ಇನ್ನೊಂದ್ಸಲ ನನ್ನ ಹರಿವೆ ಮಡಿಗೆ ಬಂದ್ರೆ ಸಾರು ಮಾಡೇ ಬಿಡ್ತೆ ನೋಡು."

ಅವರ ಸಿಟ್ಟಿಗೆ ಕಾರಣ ಇತ್ತು. ಹಿಂದಿನ ಡಿಸೆಂಬರ್‌ನಲ್ಲಿ ಅವರು ಎರಡು ಮಡಿ ಹರಿವೆ, ಒಂದು ಮಡಿ ಈರುಳ್ಳಿ ಸಸಿ ಹಾಕಿದ್ದರು. ಈರುಳ್ಳಿ ಅಂದರೆ ನಮ್ಮ ಕುಮಟಾದ ಸಿಹಿ ಈರುಳ್ಳಿ. ಬೇಸಿಗೆಯಲ್ಲಿ ಅಳ್ವೆಕೋಡಿ, ಹಂದಿಗೋಣದ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿ ಮಾರುತ್ತಾರಲ್ಲ, ಅದೇ. ನಾಲ್ಕು ಕೋಳಿಗೆ ಆ ಮೂರು ಮಡಿ ಕೆದಕಲು ಹತ್ತು ನಿಮಿಷ ಸಾಕಾಯಿತು. ಕೋಳಿ ತಿನ್ನುವುದು ಕಡಿಮೆ, ಕೆದಕುವುದೇ ಜಾಸ್ತಿ. ಸಡಿಲ ಮಾಡಿದ ಮಣ್ಣು ಕಂಡರೆ ಅದರ ಕಾಲು ಸುಮ್ನೆ ಇರುವುದಿಲ್ಲ.

ಶಿರಸಿ ಅಕ್ಕನ ಮನೆಯವರು ಮೊಟ್ಟೆ ಮುಟ್ಟುವುದಿಲ್ಲ. ಅವರು ಕೇಳಿದ್ದು ಎರಡೇ. ಬಾವಿ ಹತ್ತಿರ ವಾಸನೆ ಬರಬಾರದು, ಹುಂಜ ಬೇಡ. ಅವರ ಮಗ ಪಿಯುಸಿ ಓದುತ್ತಿದ್ದಾನೆ. ಎರಡಕ್ಕೂ ಒಪ್ಪಿದೆ. ಮೊಟ್ಟೆ ಇಡಲು ಹೇಂಟೆಗೆ ಹುಂಜ ಬೇಕಾಗಿಲ್ಲ, ಮರಿ ಬೇಕಿದ್ದರೆ ಮಾತ್ರ ಬೇಕು. ಇದನ್ನು ಅಣ್ಣ ನಂಬಲು ಅರ್ಧ ಗಂಟೆ ಹಿಡಿಯಿತು.

ಜಾಗ ಗುರುತು ಮಾಡಿದ್ದು ಹಿತ್ತಲಿನ ಆಗ್ನೇಯ ಮೂಲೆಯಲ್ಲಿ, ಬಾವಿಯಿಂದ 50 ಅಡಿ ದೂರ, ಬಾವಿಗಿಂತ ತಗ್ಗಿನ ಕಡೆ. ಮಳೆ ನೀರು ಗೂಡಿನಿಂದ ಬಾವಿಗೆ ಹರಿಯಬಾರದು, ಅದೇ ಮುಖ್ಯ.

ಕಟ್ಟುವ ಮೊದಲು ಹಳೆ ಗೂಡನ್ನು ಬಿಚ್ಚಿದೆ. ಬಿಚ್ಚುತ್ತಾ ಬಿಚ್ಚುತ್ತಾ ನನ್ನ ದಡ್ಡತನ ಒಂದೊಂದಾಗಿ ಹೊರಗೆ ಬಂತು. ಅದನ್ನು ನಾನು ವಿಡಿಯೋ ನೋಡಿ ಕಟ್ಟಿದ್ದೆ. ಒಣ ಊರಿನವರು ಯಾರೋ ಮಾಡಿದ್ದು, ನೋಡಲು ಚೆಂದ. ಗಾಳಿ ಮರದ (ಸರ್ವೆ) ಕಂಬಗಳನ್ನು ಸೀದಾ ಮಣ್ಣಿಗೆ ಹೂತಿದ್ದೆ. ನಾಲ್ಕರಲ್ಲಿ ಮೂರನ್ನು ಒರಲೆ (ಗೆದ್ದಲು) ಒಳಗಿನಿಂದ ತಿಂದು ಕೊಳವೆ ಮಾಡಿತ್ತು. ಬಲೆ ಆರು ಮೂಲೆಯ ಕಣ್ಣಿನದ್ದು, ಅಂಗಡಿಯಲ್ಲಿ ಕೋಳಿ ಬಲೆ ಅಂತಲೇ ಕೊಡುತ್ತಾರೆ. ಹೆಸರು ಸರಿಯಾಗಿಯೇ ಇದೆ. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ಅಷ್ಟೇ. ಒಳಗೆ ಬರುವವರನ್ನು ತಡೆಯುವ ಗಟ್ಟಿತನ ಅದಕ್ಕಿಲ್ಲ. ಸಮುದ್ರದ ಉಪ್ಪು ಗಾಳಿಗೆ ಆ ಸಪೂರ ತಂತಿಯ ಮೇಲಿನ ಸತುವು ಒಂದು ಮಳೆಗಾಲಕ್ಕೆ ಹೋಯಿತು, ಎರಡನೇ ಮಳೆಗಾಲಕ್ಕೆ ತಂತಿಯೇ ಹೋಯಿತು. ಬಾಗಿಲು ಪಶ್ಚಿಮಕ್ಕೆ ಇಟ್ಟಿದ್ದೆ. ಜೂನ್‌ನಲ್ಲಿ ಮಳೆ ಬರುವುದೇ ಆ ಕಡೆಯಿಂದ, ಅದೂ ಅಡ್ಡಡ್ಡ. ಎರಚಲು ಪೂರ್ತಿ ಒಳಗೆ. ಇಷ್ಟು ಸಾಲದು ಅಂತ ಮೊಟ್ಟೆ ಇಡುವ ಪೆಟ್ಟಿಗೆಯನ್ನು ಕೂರುವ ಕೋಲಿಗಿಂತ ಎತ್ತರದಲ್ಲಿ ಇಟ್ಟಿದ್ದೆ. ಕೋಳಿ ರಾತ್ರಿ ಮಲಗುವುದು ಸಿಕ್ಕಿದ್ದರಲ್ಲಿ ಎತ್ತರದ ಜಾಗದಲ್ಲಿ. ಹಾಗಾಗಿ ಎಲ್ಲವೂ ಪೆಟ್ಟಿಗೆಯಲ್ಲೇ ಮಲಗಿ, ಅಲ್ಲೇ ಹಿಕ್ಕೆ ಹಾಕಿ, ಬೆಳಗ್ಗೆ ಅದರ ಮೇಲೇ ಮೊಟ್ಟೆ ಇಡುತ್ತಿದ್ದವು.

ಏಪ್ರಿಲ್ ಮೊದಲ ವಾರ ಅಡಿಪಾಯ ಹಾಕಿದೆ. ಕಟ್ಟೆಗೆ ಹಳೆ ಪಾಗಾರದ ಚಿರೇಕಲ್ಲು (ಕೆಂಪು ಕಲ್ಲು). ಅರ್ಧ ಅಡಿ ಮಣ್ಣು ತೆಗೆದು, ಒಂದು ವರಸೆ ನೆಲದೊಳಗೆ, ಎರಡು ವರಸೆ ಮೇಲೆ. ಗೂಡಿನ ಅಳತೆ 6 ಅಡಿ ಉದ್ದ, 4 ಅಡಿ ಅಗಲ. ಆರು ಕೋಳಿಗೆ ತಲಾ 4 ಚದರ ಅಡಿ ಬಂತು. ಹಗಲು ಓಡಾಡಲು ಪಕ್ಕದಲ್ಲಿ 6 ಅಡಿಗೆ 12 ಅಡಿಯ ಬಲೆ ಅಂಗಳ. ಕಟ್ಟೆಯ ಒಳಗೆ ಮಣ್ಣು ತುಂಬಿ, ದಮ್ಮಸು ಹೊಡೆದು, ಮೇಲೆ ಸುಣ್ಣ ಮರಳು ಕಲಸಿ ಬಳಿದೆ. ಸಿಮೆಂಟು ಹಾಕು ಅಂತ ಅಣ್ಣ ಹೇಳಿದ. ನೆಲ ತಂಪಾಗಿ ಉಳಿಯಲಿ ಅಂತ ನಾನು ಒಪ್ಪಲಿಲ್ಲ. ಇದರಲ್ಲಿ ಯಾರು ಸರಿ ಅಂತ ಇನ್ನೂ ನಮ್ಮಿಬ್ಬರಲ್ಲಿ ವಾದ ಉಂಟು.

ಕಂಬ ಮತ್ತು ಪಕಾಸು (ಮಾಡು ಹೊರುವ ಇಳಿಜಾರು ಮರ) ಕೊಟ್ಟಿಗೆಯ ಹಲಸಿನ ಮರದ್ದು. ಕಂಬವನ್ನು ಮಣ್ಣಿಗೆ ಹೂಳಲಿಲ್ಲ. ಕಲ್ಲಿನ ಮೇಲೆ ನಿಲ್ಲಿಸಿ, ಕಬ್ಬಿಣದ ಪಟ್ಟಿಯಿಂದ ಕಟ್ಟೆಗೆ ಬಿಗಿದೆ. ಮರಕ್ಕೂ ಮಣ್ಣಿಗೂ ಮಧ್ಯೆ ಒಂದು ಅಡಿ ಕಲ್ಲು. ಒರಲೆ ಬಂದರೂ ಅದರ ಮಣ್ಣಿನ ಗೆರೆ ಕಲ್ಲಿನ ಮೇಲೆ ಕಣ್ಣಿಗೆ ಬೀಳುತ್ತದೆ, ಕೆರೆದು ಹಾಕಬಹುದು.

ಇಲ್ಲಿ ಒಂದು ಎಡವಟ್ಟಾಯಿತು. ಮರಕ್ಕೆ ಏನು ಹಚ್ಚುವುದು ಅಂತ ಕೇಳಿದ್ದಕ್ಕೆ ದೋಣಿ ಕೆಲಸ ಮಾಡುವ ಗೆಳೆಯ ಗೇರೆಣ್ಣೆ ತಂದುಕೊಟ್ಟ. ಗೇರು ಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ. ದೋಣಿಯ ಹಲಗೆಗೆ ಹಚ್ಚುವುದು ಇದನ್ನೇ. ಹುಳ, ಒರಲೆ, ನೀರು ಮೂರಕ್ಕೂ ಒಳ್ಳೆಯದು. "ಕೈಗೆ ತೆಂಗಿನೆಣ್ಣೆ ಹಚ್ಕೋ, ಕೈಗವಸು ಹಾಕ್ಕೋ" ಅಂತ ಹೇಳಿಯೇ ಕೊಟ್ಟಿದ್ದ. ಬೆರಳಿಗೆ ಹಚ್ಚಿಕೊಂಡೆ, ಮುಂಗೈಗೆ ಹಚ್ಚಲಿಲ್ಲ. ಬ್ರಷ್ ಎತ್ತಿ ಪಕಾಸಿನ ಅಡಿಭಾಗಕ್ಕೆ ಬಳಿಯುವಾಗ ಎಣ್ಣೆ ಹಿಡಿಯಿಂದ ಇಳಿದು ಮೊಣಕೈವರೆಗೆ ಹರಿದಿತ್ತು. ಆಗ ಏನೂ ಅನಿಸಲಿಲ್ಲ. ಮರುದಿನ ಕೈ ಉರಿ, ಮೂರನೇ ದಿನ ನೀರು ಗುಳ್ಳೆ. ಎರಡು ವಾರ ಕೆಲಸ ನಿಂತಿತು. ಗೇರೆಣ್ಣೆ ಚರ್ಮವನ್ನು ಸುಡುತ್ತದೆ, ಗೇರು ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಕೈ ನೋಡಿದರೇ ಗೊತ್ತಾಗುತ್ತದೆ. ಗೊತ್ತಿದ್ದೂ ಮಾಡಿಕೊಂಡೆ. ನೀವು ಹಚ್ಚುವುದಾದರೆ ಉದ್ದ ತೋಳಿನ ಹಳೆ ಅಂಗಿ ಹಾಕಿ, ಹಚ್ಚಿದ ಮರ ಪೂರ್ತಿ ಒಣಗುವವರೆಗೆ ಕೋಳಿಯನ್ನೂ ಮಕ್ಕಳನ್ನೂ ಹತ್ತಿರ ಬಿಡಬೇಡಿ.

ಮಾಡಿನ (ಛಾವಣಿಯ) ಲೆಕ್ಕಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಂಡೆ. ಎರಡು ಇಳಿಜಾರು ಬೇಡ, ಒಂದೇ ಸಾಕು ಅಂದುಕೊಂಡೆ. ತಗ್ಗಿನ ಬದಿ ಪಶ್ಚಿಮಕ್ಕೆ, ಎತ್ತರದ ಬದಿ ಪೂರ್ವಕ್ಕೆ. ಅಂದರೆ ಗೂಡು ಮಳೆಗಾಳಿಗೆ ಬೆನ್ನು ತಿರುಗಿಸಿ ಕೂರುತ್ತದೆ. ಪಶ್ಚಿಮದ ಗೋಡೆ 3 ಅಡಿ, ಪೂರ್ತಿ ಹಲಗೆ. ಪೂರ್ವದ್ದು 5 ಅಡಿ 4 ಇಂಚು, ಅರ್ಧ ಹಲಗೆ, ಅರ್ಧ ಬಲೆ. ಎರಡೂ ಕಡೆ ಒಂದೊಂದು ಅಡಿ ಸೂರು ಮುಂದೆ ಬಂದಿದೆ. ಒಟ್ಟು 6 ಅಡಿಗೆ ಮೂರೂವರೆ ಅಡಿ ಏರು. ಮಂಗಳೂರು ಹಂಚಿಗೆ ಇಷ್ಟು ಇಳಿಜಾರು ಬೇಕೇ ಬೇಕು. ಕಡಿಮೆಯಾದರೆ ಗಾಳಿ ನೀರನ್ನು ಹಂಚಿನ ಅಡಿಗೆ ಮೇಲ್ಮುಖವಾಗಿ ನೂಕುತ್ತದೆ, ಹಂಚು ಒಡೆಯದೇ ಇದ್ದರೂ ಸೋರುತ್ತದೆ.

ರೀಪು ಅಂದರೆ ಪಕಾಸಿನ ಮೇಲೆ ಅಡ್ಡಕ್ಕೆ ಹೊಡೆದು ಹಂಚು ಕೂರಿಸುವ ಮರದ ಪಟ್ಟಿ. ಅದರ ಅಂತರವನ್ನು ಅಳತೆ ಟೇಪಿನಿಂದ ಹಾಕಬಾರದು. ಇದು ನಾನು ಕಲಿತ ಪಾಠ, ಬೇಕಾದರೆ ಕಲಿತ ಪೆಟ್ಟು ಅನ್ನಿ. ಕೊಟ್ಟಿಗೆಯ ಹಂಚುಗಳಲ್ಲಿ ಎರಡು ಕಾರ್ಖಾನೆಯವು ಬೆರೆತಿದ್ದವು. ಬೆನ್ನ ಮೇಲಿನ ಮುದ್ರೆ ಬೇರೆ ಬೇರೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು, ಎಲ್ಲರ ಅಚ್ಚೂ ಸ್ವಲ್ಪ ಸ್ವಲ್ಪ ಬೇರೆ. ನೋಡಲು ಒಂದೇ ಥರ. ಒಂದರ ಮೇಲೊಂದು ಕೂರಿಸಿದಾಗ ಅರ್ಧ ಇಂಚು ವ್ಯತ್ಯಾಸ. ನಾನು 12 ಚಿಲ್ಲರೆ ಇಂಚು ಅಂತ ಒಂದೇ ಅಳತೆ ಇಟ್ಟು ಆರೂ ರೀಪು ಹೊಡೆದುಬಿಟ್ಟೆ. ಮೂರನೇ ಸಾಲಿಗೆ ಬಂದಾಗ ಹಂಚಿನ ಮೂಗು ರೀಪಿಗೆ ಸಿಗದೆ ಎದ್ದು ನಿಂತಿತು. ಎರಡು ರೀಪು ಕಿತ್ತು, ಕೈಯಲ್ಲಿದ್ದ ಹಂಚನ್ನೇ ಇಟ್ಟು ನೋಡಿ, ಪೆನ್ಸಿಲಿನಲ್ಲಿ ಗುರುತು ಹಾಕಿ ಮತ್ತೆ ಹೊಡೆದೆ. ಒಂದೇ ಕಾರ್ಖಾನೆಯವನ್ನು ಆರಿಸಿ ಒಂದು ಕಡೆ ಹಾಕಿದೆ. ಒಟ್ಟು ಸುಮಾರು 80 ಹಂಚು ಹಿಡಿಯಿತು.

ಇದೆಲ್ಲ ಹೇಳಿದಷ್ಟು ಸುಲಭವಾಗಿ ಆಗಲಿಲ್ಲ. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ನಮ್ಮ ಕರಾವಳಿಗೆ ಅದಕ್ಕೂ ನಾಲ್ಕು ದಿನ ಮೊದಲೇ ಮಳೆ ಹಿಡಿದಿತ್ತು. ಸುಟ್ಟ ಕೈಯಿಂದಾಗಿ ನಾನು ಎರಡು ವಾರ ಹಿಂದೆ ಬಿದ್ದಿದ್ದೆ. ಮೇ 20ರ ರಾತ್ರಿ ಗೂಡಿನ ಮೇಲೆ ಪಕಾಸು ಇತ್ತು, ಅರ್ಧ ರೀಪು ಇತ್ತು, ಹಂಚು ಇನ್ನೂ ಮಾವಿನ ಮರದ ಬುಡದಲ್ಲಿತ್ತು. ತಾಡಪಾಲು ಕಟ್ಟಿದೆ. ಗಾಳಿ ಅದನ್ನು ಎತ್ತಿ ಬಾವಿಕಟ್ಟೆ ಮೇಲೆ ಹಾಕಿತು. ಮತ್ತೆ ಕಟ್ಟಿದೆ, ಮತ್ತೆ ಹೋಯಿತು. ಅಣ್ಣ ಲುಂಗಿ ಎತ್ತಿ ಕಟ್ಟಿಕೊಂಡು, ತಲೆ ಮೇಲೆ ಗೊಬ್ಬರದ ಚೀಲ ಹಾಕಿಕೊಂಡು ಬಂದ. "ಇದನ್ನ ನಿನ್ನ ವಿಡಿಯೋದಲ್ಲಿ ತೋರ್ಸಿದ್ರಾ?" ಅಂದ. ಆಮೇಲೆ ನಾಲ್ಕು ದಿನ ಮಳೆ ಬಿಟ್ಟಾಗಲೆಲ್ಲ ಇಬ್ಬರೂ ಹಂಚು ಹಾಕಿದೆವು. ನೆನೆದ ಹಂಚು ಜಾರುತ್ತದೆ, ಭಾರವೂ ಜಾಸ್ತಿ. ಕೆಳಗಿನ ಎರಡು ಸಾಲನ್ನು ತಂತಿ ಹಾಕಿ ರೀಪಿಗೆ ಕಟ್ಟಿದೆವು, ಗಾಳಿ ಮೊದಲು ಎತ್ತುವುದು ಆ ಸಾಲನ್ನೇ.

ಬಲೆಗೆ ಹೋದ ಹಣ ಉಳಿದದ್ದಕ್ಕೆಲ್ಲ ಹೋದ ಹಣಕ್ಕಿಂತ ಜಾಸ್ತಿ. ಈ ಸಲ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್. ಕಣ್ಣು ಸಣ್ಣದಿದ್ದರೆ ಮುಂಗುಸಿ, ಕಾಡುಬೆಕ್ಕಿನ ಕೈ ತೂರುವುದಿಲ್ಲ, ದೊಡ್ಡ ಹಾವೂ ನುಗ್ಗುವುದಿಲ್ಲ. ಇದರಲ್ಲೂ ಎರಡು ಥರ ಇದೆ. ಮೊದಲೇ ಸತುವು ಹಚ್ಚಿದ ತಂತಿಯನ್ನು ತಂದು ವೆಲ್ಡ್ ಮಾಡಿದ್ದು ಒಂದು. ವೆಲ್ಡ್ ಆದ ಮೇಲೆ ಇಡೀ ಬಲೆಯನ್ನು ಕರಗಿದ ಸತುವಿನಲ್ಲಿ ಮುಳುಗಿಸಿದ್ದು ಇನ್ನೊಂದು. ಮೊದಲನೆಯದರಲ್ಲಿ ವೆಲ್ಡ್ ಆದ ಚುಕ್ಕಿಯಲ್ಲಿ ಸತುವು ಸುಟ್ಟು ಹೋಗಿರುತ್ತದೆ, ತುಕ್ಕು ಅಲ್ಲಿಂದಲೇ ಶುರು. ಎರಡನೆಯದರಲ್ಲಿ ತಂತಿಗಳು ಕೂಡುವ ಮೂಲೆಯಲ್ಲಿ ಸತುವು ಸಣ್ಣ ಹನಿಯ ಹಾಗೆ ತುಂಬಿರುತ್ತದೆ. ಬೆರಳಿಟ್ಟು ಸವರಿದರೆ ಒರಟು ಹತ್ತುತ್ತದೆ. ಅಂಗಡಿಯಲ್ಲಿ ಮೊದಲು ತೋರಿಸಿದ್ದು ನುಣ್ಣಗಿನದ್ದು. ಒರಟಿನದ್ದು ಬೇಕು ಅಂದಾಗ ಹುಡುಗ ನನ್ನ ಮುಖ ನೋಡಿದ. ಒಳಗಿಂದ ಧೂಳು ಹಿಡಿದ ಸುರುಳಿ ತಂದ, ಅದೇ ಇದು.

ಯು ಮೊಳೆ ನಂಬಿ ಬಲೆ ಹೊಡೆಯಬೇಡಿ. ಹಳೆ ಗೂಡಿನಲ್ಲಿ ಕೈಯಿಂದ ಎಳೆದರೆ ಬರುತ್ತಿದ್ದವು. ಈಗ ಬಲೆಯ ಅಂಚಿನ ಮೇಲೆ ರೀಪು ಇಟ್ಟು, ರೀಪಿನ ಮೇಲಿಂದ ವಾಷರ್ ಹಾಕಿ ಸ್ಕ್ರೂ ತಿರುಗಿಸಿದ್ದೇನೆ.

ಅಂಗಳದ ಸುತ್ತ ಬಲೆಯನ್ನು ನೆಲದೊಳಗೆ ಆಳಕ್ಕೆ ಇಳಿಸಲಿಲ್ಲ. ಬದಲಿಗೆ ಹೊರಗಡೆಗೆ ಒಂದೂವರೆ ಅಡಿ ನೆಲದ ಮೇಲೆ ಚಾಪೆಯ ಹಾಗೆ ಹಾಸಿದೆ. ಅದಕ್ಕೆ ಕರಿ ಡಾಂಬರು ಬಣ್ಣ ಎರಡು ಸಲ ಬಳಿದು, ಮೇಲೆ ಒಡೆದ ಹಂಚು ಮತ್ತು ಮಣ್ಣು ಹಾಕಿದೆ. ಹೆಗ್ಗಣವಾಗಲಿ ನಾಯಿಯಾಗಲಿ ತೋಡುವುದು ಗೋಡೆಗೆ ಮೂಗು ತಾಗುವ ಜಾಗದಲ್ಲಿ. ಅಲ್ಲಿ ಉಗುರಿಗೆ ಬಲೆ ಸಿಗುತ್ತದೆ. ಒಂದೂವರೆ ಅಡಿ ಹಿಂದೆ ಸರಿದು ತೋಡೋಣ ಅನ್ನುವ ಬುದ್ಧಿ ಅವಕ್ಕೆ ಬರುವುದಿಲ್ಲ. ಜೂನ್‌ನಿಂದ ಈವರೆಗೆ ಮೂರು ಕಡೆ ಕೆರೆದ ಗುರುತು ನೋಡಿದ್ದೇನೆ, ಮೂರೂ ಎರಡು ಇಂಚಿಗೆ ನಿಂತಿವೆ. ಮೇಲ್ಗಡೆ ಗಿಡುಗ, ಕಾಗೆಗೆ ಹಳೆ ಮೀನು ಬಲೆ ಸಾಕು.

ಬಾಗಿಲಿಗೆ ಬಿಜಾಗರಿ ಸ್ಟೀಲಿನದ್ದು. ಚಿಲಕ ಎರಡು, ಮೇಲೆ ಮರದ ಅಗುಳಿ, ಕೆಳಗೆ ಕೊಕ್ಕೆ.

ಒಳಗಿನ ವಿಷಯ ಬೇಗ ಹೇಳುತ್ತೇನೆ. ಕೂರುವ ಕೋಲು ಎರಡು ಇಂಚು ದಪ್ಪದ್ದು, ಅಂಚು ಉಜ್ಜಿ ದುಂಡು ಮಾಡಿದ್ದು, ನೆಲದಿಂದ ಎರಡು ಅಡಿ ಎತ್ತರ. ಒಂದು ಕೋಳಿಗೆ 10 ಇಂಚು ಅಂತ ಲೆಕ್ಕ ಹಾಕಿದರೆ ಆರಕ್ಕೆ 5 ಅಡಿ. ಇನ್ನೂ ಎತ್ತರ ಇಡಬಹುದಿತ್ತು, ಆದರೆ ಗಿರಿಜಕ್ಕ ಇದ್ದಾಳೆ. ಅವಳು ಗಿರಿರಾಜ ಹೇಂಟೆ, ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾದ ತಳಿ. ಮೈಭಾರ ಜಾಸ್ತಿ. ಎತ್ತರದಿಂದ ದಿನಾ ದೊಪ್ಪನೆ ಹಾರಿದರೆ ಅಂಗಾಲಿಗೆ ಪೆಟ್ಟಾಗಿ ಗಂಟು ಕಟ್ಟುತ್ತದೆ. ಅವಳಿಗಾಗಿ ಅಡಿಕೆ ದಬ್ಬೆಯ ಸಣ್ಣ ಏಣಿ ಇಟ್ಟೆ. ಊರಕೋಳಿಗಳು ಅದನ್ನು ಮುಟ್ಟುವುದೂ ಇಲ್ಲ, ಸೀದಾ ಹಾರುತ್ತವೆ. ಮೊಟ್ಟೆ ಪೆಟ್ಟಿಗೆ ಎರಡು, ಒಂದೊಂದೂ ಒಂದು ಅಡಿಯ ಚೌಕ, ಕೋಲಿಗಿಂತ ಒಂದು ಅಡಿ ತಗ್ಗಿನಲ್ಲಿ, ಕತ್ತಲೆ ಮೂಲೆಯಲ್ಲಿ. ಒಂದರಲ್ಲಿ ಮಗಳ ಪಿಂಗ್‌ಪಾಂಗ್ ಚೆಂಡು ಇಟ್ಟೆವು. ಮೂರನೇ ದಿನದಿಂದ ಮೊಟ್ಟೆ ಅಲ್ಲೇ.

ಕೋಲಿನ ಅಡಿಗೆ ಹಳೆ ತಗಡಿನ ತಟ್ಟೆ, ಎಳೆದು ಹೊರಗೆ ತೆಗೆಯುವಂಥದ್ದು. ರಾತ್ರಿ ಕೂತಲ್ಲೇ ಹಾಕುವ ಹಿಕ್ಕೆ ಜಾಸ್ತಿ. ಅದೊಂದನ್ನು ಬೆಳಗ್ಗೆ ತೆಗೆದರೆ ಅರ್ಧ ವಾಸನೆ ಇರುವುದಿಲ್ಲ. ಉಳಿದ ನೆಲಕ್ಕೆ ನಾಲ್ಕು ಇಂಚು ಭತ್ತದ ಹೊಟ್ಟು.

ಜುಲೈನಲ್ಲಿ ಹೊಟ್ಟು ಸೋತಿತು. ಮಳೆ ಒಳಗೆ ಬರದಿದ್ದರೂ ಗಾಳಿಯ ತೇವವನ್ನೇ ಹೀರಿ ಗಟ್ಟಿಯಾಗಿ ಉಂಡೆ ಕಟ್ಟಿತು. ನಾನು ನಿಂತು ಮೂಸಿದರೆ ಏನೂ ಇಲ್ಲ. ಮಗಳು ಒಳಗೆ ಕೂತು "ಅಪ್ಪಾ, ಕಣ್ಣು ಉರೀತದೆ" ಅಂದಳು. ಆಗ ಬಗ್ಗಿ ಕೋಳಿಯ ಎತ್ತರಕ್ಕೆ ಮೂಗು ಹಿಡಿದೆ. ಹೌದು, ಘಾಟು. ಕೋಳಿ ಉಸಿರಾಡುವುದು ಅಲ್ಲಿ ತಾನೇ. ಪೂರ್ವದ ಸೂರಿನ ಅಡಿಗೆ ಇಟ್ಟಿದ್ದ ಮೂರು ಇಂಚಿನ ಸಂದನ್ನು ಆರು ಇಂಚು ಮಾಡಿ ಬಲೆ ಹೊಡೆದೆ. ಬಿಸಿ ಗಾಳಿ, ಘಾಟು ಎರಡೂ ಮೇಲಿಂದ ಹೋಗಲು ದಾರಿಯಾಯಿತು. ಹೊಟ್ಟನ್ನು ದಿನ ಬಿಟ್ಟು ದಿನ ಕೆದಕಿ, ವಾರಕ್ಕೊಮ್ಮೆ ಒಂದು ಹಿಡಿ ಸುಣ್ಣದ ಪುಡಿ ಉದುರಿಸುತ್ತೇನೆ. ಹೊಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟಾಗ ಉದುರಬೇಕು. ಉಂಡೆಯಾಗಿ ಉಳಿದರೆ ಬದಲಾಯಿಸುವ ಹೊತ್ತು ಬಂತು ಅಂತ ಅರ್ಥ. ಒದ್ದೆ ಹೊಟ್ಟಿನಲ್ಲೇ ಮರಿಗಳಿಗೆ ರಕ್ತಭೇದಿ ಹಿಡಿಯುವುದು.

ಬಲೆ ಅಂಗಳ ಕೆಸರಾಗದ ಹಾಗೆ ತಳಕ್ಕೆ ತೆಂಗಿನ ಸಿಪ್ಪೆ ಕವುಚಿ ಹಾಸಿ, ಮೇಲೆ ಬೇಸಿಗೆಯಲ್ಲಿ ಒಟ್ಟಿದ್ದ ದರಕು (ಒಣ ಎಲೆ) ಸುರಿದೆ. ಕೋಳಿಗಳು ದಿನವಿಡೀ ಅದನ್ನೇ ಕೆದಕುತ್ತವೆ. ಅತ್ತಿಗೆಯ ಮಡಿ ಮರೆತ ಹಾಗಿದೆ.

ಮರೆತ ಹಾಗಿದ್ದರೂ ಸಂಜೆ ಒಂದು ಗಂಟೆ ಹಿತ್ತಲಿಗೆ ಬಿಡುವುದಿದೆಯಲ್ಲ, ಅದಕ್ಕೆ ಮಡಿಗಳಿಗೆ ಬೇಲಿ ಬೇಕಿತ್ತು. ವನ್ನಳ್ಳಿ ಕಡೆಯಿಂದ ಹರಿದ ನೈಲಾನ್ ಮೀನು ಬಲೆ ಪುಕ್ಕಟೆ ಸಿಕ್ಕಿತು. ನಾಲ್ಕು ಅಡಿ ಎತ್ತರಕ್ಕೆ ಸುತ್ತ ಕಟ್ಟಿದೆ. ಚೆನ್ನಾಗಿಯೇ ಇತ್ತು. ಎಂಟನೇ ದಿನ ಬೆಳಗ್ಗೆ ಅತ್ತಿಗೆ ಕೂಗಿದರು. ಬಲೆಯ ಕೆಳ ಅಂಚಿನಲ್ಲಿ ಆರಡಿ ಉದ್ದದ ಕೇರೆ ಹಾವು ಸಿಕ್ಕಿಬಿದ್ದಿತ್ತು. ಒಂದು ಕಣ್ಣಿಗೆ ತಲೆ ತೂರಿಸಿ, ಮುಂದೆ ಹೋಗಲಾರದೆ, ಹಿಂದೆ ಬರಲೂ ಆಗದೆ ಸುತ್ತಿಕೊಂಡಿತ್ತು. ನೈಲಾನ್ ದಾರ ಕುತ್ತಿಗೆಯ ಹಿಂದೆ ಚರ್ಮಕ್ಕೆ ಇಳಿದಿತ್ತು. ಹಾವು ಹಿಡಿಯುವ ಹುಡುಗನನ್ನು ಕರೆಸಿದೆವು. ಅವನು ತಲೆ ಹಿಡಿದ, ನಾನು ಹೊಲಿಗೆ ಕತ್ತರಿಯಿಂದ ಒಂದೊಂದೇ ದಾರ ಕತ್ತರಿಸಿದೆ. ಹದಿನಾಲ್ಕು ದಾರ. ಕೈ ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಬಿಟ್ಟ ಮೇಲೆ ಅದು ಬಿದಿರು ಮೆಳೆ ಕಡೆ ಹೋಯಿತು. ಕೇರೆ ಹಾವು ಮೊಟ್ಟೆ ಮರಿ ತಿನ್ನುತ್ತದೆ, ನಿಜ. ಆದರೆ ಹೆಗ್ಗಣ ತಿನ್ನುವುದೂ ಅದೇ. ಅದೇ ದಿನ ಬಲೆಯ ಕೆಳಗಿನ ಎರಡು ಅಡಿ ಕತ್ತರಿಸಿ ತೆಗೆದು, ಅಲ್ಲಿಗೆ ಅಡಿಕೆ ದಬ್ಬೆ ಒತ್ತೊತ್ತಾಗಿ ಹೆಣೆದೆ. ನೆಲದ ಹತ್ತಿರ ಮೀನು ಬಲೆ ಕಟ್ಟಬೇಡಿ.

ಫೆಬ್ರವರಿಯಲ್ಲಿ ತಂದಿದ್ದ ಎರಡು ಮರಿಗಳಲ್ಲಿ ಒಂದು ಜೂನ್‌ನಲ್ಲಿ ಕೂಗಿತು. ಹೇಂಟೆ ಅಂತ ಹೇಳಿ ಕೊಟ್ಟಿದ್ದರು. ಬೆಳಗಿನ ಜಾವ ನಾಲ್ಕು ಗಂಟೆಗೆ, ಒಡೆದ ಪೀಪಿಯ ಹಾಗೆ ಒಂದೇ ಒಂದು ಕೂಗು. ಶಿರಸಿ ಅಕ್ಕ ಏನೂ ಹೇಳಲಿಲ್ಲ, ಬೆಳಗ್ಗೆ ಬಾವಿ ಹತ್ತಿರ ಸುಮ್ನೆ ನಕ್ಕರು. ಆ ನಗುವೇ ಸಾಕಾಯಿತು. ಭಾನುವಾರ ಹುಂಜ ಮಿರ್ಜಾನಿನ ಅಕ್ಕನ ಮನೆಗೆ ಹೋಯಿತು. ಅಲ್ಲಿ ಅದನ್ನು ಏನು ಮಾಡಿದರು ಅಂತ ಮಗಳು ಕೇಳಿಲ್ಲ, ನಾನೂ ಹೇಳಿಲ್ಲ.

ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಬಗ್ಗೆ ಒಂದು ಮಾತು. ಸಣ್ಣ ಸೀಸೆಯಲ್ಲೂ ನೂರು ಕೋಳಿಗಾಗುವಷ್ಟು ಬರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿವರೆಗೂ ಮಂಜುಗಡ್ಡೆ ಮೇಲೇ ಇರಬೇಕು. ಐದು ಕೋಳಿಗೆ ಒಂದು ಸೀಸೆ ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ನಮ್ಮ ಕೇರಿಯ ಏಳು ಮನೆಯವರು ಒಂದೇ ದಿನ ಗೊತ್ತು ಮಾಡಿ, ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿಟ್ಟು, ನಮ್ಮ ಬಾವಿಕಟ್ಟೆಗೆ ಬುಟ್ಟಿಯಲ್ಲಿ ಕೋಳಿ ತಂದೆವು. ಒಟ್ಟು 61 ಕೋಳಿ. ಆ ಗದ್ದಲ ಕೇಳಬೇಕಿತ್ತು.

ಮೊಟ್ಟೆ ಚಿಪ್ಪು ತೆಳ್ಳಗಾದರೆ ಪೇಟೆಯ ಪುಡಿ ತರಬೇಕಾಗಿಲ್ಲ. ಅಘನಾಶಿನಿ ಹೊಳೆಯ ಬಳಚು (ಚಿಪ್ಪು ಮೀನು) ಸಾರಿಗೆ ತಂದಾಗ ಚಿಪ್ಪನ್ನು ಎಸೆಯದೆ ತೊಳೆದು, ಒಣಗಿಸಿ, ಒರಳಲ್ಲಿ ಕುಟ್ಟಿ ಬೇರೆ ಬಟ್ಟಲಲ್ಲಿ ಇಡುತ್ತೇನೆ. ಅಕ್ಕಿ ನುಚ್ಚಿಗೆ ಬೆರೆಸಬಾರದು. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ.

ಹಿಕ್ಕೆ ಸೀದಾ ಗಿಡಕ್ಕೆ ಹಾಕುವ ತಪ್ಪು ಮೊದಲ ವರ್ಷವೇ ಮಾಡಿ ಅತ್ತಿಗೆಯ ಮೆಣಸಿನ ಸಸಿ ಸುಟ್ಟಿದ್ದೆ. ಹಸಿ ಹಿಕ್ಕೆ ಬಲು ಖಾರ. ಈಗ ದರಕಿನ ಜೊತೆ ಗುಂಡಿಗೆ ಹಾಕಿ ನಾಲ್ಕು ತಿಂಗಳು ಬಿಡುತ್ತೇವೆ. ಮೊದಲ ಪಾಲು ಅತ್ತಿಗೆಯ ಬಸಳೆ ಚಪ್ಪರಕ್ಕೆ, ಎರಡನೆಯದು ಶಿರಸಿ ಅಕ್ಕನ ಹೂಕುಂಡಕ್ಕೆ. ಅವರಿಗೆ ಮೊಟ್ಟೆ ಪಾಲಿಲ್ಲವಲ್ಲ, ಅದಕ್ಕೆ ಗೊಬ್ಬರದಲ್ಲಿ ಸ್ವಲ್ಪ ಜಾಸ್ತಿ.

ಆಗಸ್ಟ್ ಕೊನೆಯ ವಾರ ಮಧ್ಯಾಹ್ನ ದೊಡ್ಡ ಸದ್ದಾಯಿತು. ತೆಂಗಿನಕಾಯಿ ಗೂಡಿನ ಮೇಲೆ ಬಿದ್ದು ಎರಡು ಹಂಚು ಒಡೆದಿತ್ತು. ಕೋಳಿಗಳು ಅಂಗಳದಲ್ಲಿದ್ದವು, ಪುಣ್ಯ. ಜಾಗ ಆರಿಸುವಾಗ ಬಾವಿ ನೋಡಿದೆ, ಗಾಳಿ ನೋಡಿದೆ, ಇಳಿಜಾರು ನೋಡಿದೆ, ತಲೆ ಎತ್ತಿ ಮೇಲೆ ನೋಡಿರಲಿಲ್ಲ. ಮರ ಅಣ್ಣನದ್ದು. ಹಂಚು ಯಾರು ಹಾಕಬೇಕು ಅಂತ ಸ್ವಲ್ಪ ಹೊತ್ತು ಮಾತಾಯಿತು. ಕೊನೆಗೆ ಉಳಿಸಿಟ್ಟ ಹಂಚಿನಲ್ಲಿ ಎರಡು ತೆಗೆದು ನಾನೇ ಏರಿಸಿದೆ. ಒಂದೇ ಕಾರ್ಖಾನೆಯ ಮುದ್ರೆ ನೋಡಿಯೇ ತೆಗೆದದ್ದು. ಅಣ್ಣ ಮರದ ಗೊನೆಗಳಿಗೆ ಹಗ್ಗ ಕಟ್ಟಿಸಿ, ಬಲಿತ ಕಾಯಿ ಇಳಿಸಿದ. ಬಿದ್ದ ಕಾಯಿಯನ್ನು ಅತ್ತಿಗೆ ಅಷ್ಟರಲ್ಲೇ ಸುಲಿದು ಒಡೆದಿದ್ದರು. ಉಳಿದ ಹಂಚು ಒಂಬತ್ತು, ಗೂಡಿನ ಹಿಂದೆ ಒರಗಿಸಿಟ್ಟಿದ್ದೇನೆ.